ಭಟ್ಕಳ, ಹೊನ್ನಾವರ ಮತ್ತು ಕುಮಟಾ ಕರಾವಳಿಯ ಸಾಹಸ ಪ್ರವಾಸ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ಕರಾವಳಿಯ ಸಾಹಸ ಪ್ರವಾಸವು ಕರ್ನಾಟಕ ರಾಜ್ಯದ ಉತ್ತರ ಕನ್ನಡ ಜಿಲ್ಲೆಯ ದಕ್ಷಿಣ ಭಾಗದ ಮೂರು ತಾಲ್ಲೂಕುಗಳಲ್ಲಿ ಬೆಳೆದಿರುವ ಒಂದು ಬಗೆಯ ಪ್ರವಾಸವಾಗಿದೆ. ಇಲ್ಲಿ ಪ್ರವಾಸಿಯು ಸ್ಥಳವನ್ನು ನೋಡಿ ಹಿಂದಿರುಗುವುದಷ್ಟೇ ಅಲ್ಲದೆ ಈಜುವುದು, ಮುಳುಗುವುದು, ದೋಣಿ ಹುಟ್ಟುಹಾಕುವುದು, ನಡೆಯುವುದು, ಬೆಟ್ಟ ಹತ್ತುವುದು ಮೊದಲಾದ ದೈಹಿಕ ಚಟುವಟಿಕೆಗಳಲ್ಲಿ ತೊಡಗುತ್ತಾನೆ. ನೇತ್ರಾಣಿ ದ್ವೀಪದ ಸುತ್ತಲಿನ ಸ್ಕೂಬಾ ಮುಳುಗು, ಮುರುಡೇಶ್ವರದ ಜಲಕ್ರೀಡೆಗಳು, ಶರಾವತಿ ಅಳಿವೆಯ ದೋಣಿವಿಹಾರ, ಕುಮಟಾದಿಂದ ಗೋಕರ್ಣದವರೆಗಿನ ಕಡಲತಡಿಯ ಚಾರಣ ಹಾಗೂ ಯಾಣದ ಶಿಲಾಶಿಖರಗಳ ದರ್ಶನ ಇವುಗಳಲ್ಲಿ ಮುಖ್ಯವಾದವು. ತೀರ್ಥಯಾತ್ರೆ, ಬಂದರು ವ್ಯಾಪಾರ ಮತ್ತು ಮೀನುಗಾರಿಕೆಗಳಿಂದ ಹೆಸರಾಗಿದ್ದ ಈ ಪ್ರದೇಶಕ್ಕೆ ಇಂತಹ ಪ್ರವಾಸವು ಹೊಸ ಜೀವನೋಪಾಯವನ್ನು ತಂದಿದೆ. ಇದರೊಡನೆ ಪ್ರವಾಸಿಗರ ಸುರಕ್ಷತೆ ಮತ್ತು ಪರಿಸರ ಸಂರಕ್ಷಣೆಯ ಪ್ರಶ್ನೆಗಳೂ ಎದ್ದಿವೆ.

ಭೌಗೋಳಿಕ ಹಿನ್ನೆಲೆ

ಈ ಮೂರು ತಾಲ್ಲೂಕುಗಳು ಪಶ್ಚಿಮದಲ್ಲಿ ಅರಬ್ಬೀ ಸಮುದ್ರ ಹಾಗೂ ಪೂರ್ವದಲ್ಲಿ ಸಹ್ಯಾದ್ರಿ ಶ್ರೇಣಿಯ ನಡುವೆ ಹರಡಿಕೊಂಡಿವೆ. ಎರಡರ ನಡುವಣ ಸಮತಟ್ಟು ನೆಲ ಬಹಳ ಕಿರಿದು. ಹಲವೆಡೆ ಬೆಟ್ಟದ ಚಾಚುಗಳು ನೇರವಾಗಿ ಸಮುದ್ರವನ್ನೇ ಮುಟ್ಟುತ್ತವೆ. ಇಂತಹ ಎರಡು ಚಾಚುಗಳ ನಡುವೆ ಮರಳಿನ ಚಿಕ್ಕ ಕಡಲತೀರಗಳು ರೂಪುಗೊಂಡಿವೆ. ಗೋಕರ್ಣದ ಓಂ ತೀರ, ಅರ್ಧಚಂದ್ರ ತೀರಗಳ ಆಕಾರಕ್ಕೂ, ಅವುಗಳನ್ನು ಕಾಲ್ನಡಿಗೆಯಲ್ಲಿ ದಾಟುವಾಗ ಏರಿಳಿತಗಳು ಬರುವುದಕ್ಕೂ ಇದೇ ಕಾರಣ.

ಪ್ರದೇಶದ ಎರಡು ಮುಖ್ಯ ನದಿಗಳು ಶರಾವತಿ ಮತ್ತು ಅಘನಾಶಿನಿ. ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯ ಮೂಲಕ ಹರಿದು ಹೊನ್ನಾವರದಲ್ಲಿ ಸಮುದ್ರವನ್ನು ಸೇರುತ್ತದೆ. ಅಘನಾಶಿನಿಯು ಶಿರಸಿಯ ಸುತ್ತಮುತ್ತ ಹುಟ್ಟಿ ಕುಮಟಾ ತಾಲ್ಲೂಕಿನ ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಕಡಲನ್ನು ಸೇರುತ್ತದೆ. ಶರಾವತಿಗೆ ಲಿಂಗನಮಕ್ಕಿ ಮತ್ತು ಗೇರುಸೊಪ್ಪೆಗಳಲ್ಲಿ ಅಣೆಕಟ್ಟುಗಳಿವೆ. ಅಘನಾಶಿನಿಯು ಯಾವ ದೊಡ್ಡ ಅಣೆಕಟ್ಟೂ ಇಲ್ಲದೆ ಹರಿಯುವ ನದಿಯಾಗಿದೆ. ಎರಡು ಅಳಿವೆಗಳ ಸ್ವಭಾವದಲ್ಲಿ ಕಂಡುಬರುವ ವ್ಯತ್ಯಾಸಕ್ಕೆ ಇದು ಒಂದು ಮುಖ್ಯ ಕಾರಣ. ಅಳಿವೆಗಳ ನಡುವಿನ ನಡುಗಡ್ಡೆಗಳಿಗೆ ಇಲ್ಲಿನವರು ‘ಕುರ್ವೆ’ ಎನ್ನುತ್ತಾರೆ. ಶರಾವತಿಯ ಮಾವಿನಕುರ್ವೆ ಮತ್ತು ಅಘನಾಶಿನಿಯ ಐಗಳಕುರ್ವೆ ಇದಕ್ಕೆ ಉದಾಹರಣೆಗಳು.

ಇತಿಹಾಸ

ಸಾಹಸ ಪ್ರವಾಸ ಎಂಬ ಹೆಸರು ಹೊಸದಾದರೂ ಈ ಭಾಗಕ್ಕೆ ದೂರದಿಂದ ಜನರು ಬರುವುದು ಹೊಸದಲ್ಲ. ಭಟ್ಕಳ ಮತ್ತು ಹೊನ್ನಾವರಗಳು ಮಧ್ಯಯುಗದಲ್ಲಿ ಹೆಸರಾಂತ ಬಂದರುಗಳಾಗಿದ್ದು, ಅರಬರು ಹಾಗೂ ಪೋರ್ಚುಗೀಸರು ಇಲ್ಲಿಂದ ವ್ಯಾಪಾರ ನಡೆಸುತ್ತಿದ್ದರು. 16ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಅಘನಾಶಿನಿಯ ದಡದಲ್ಲಿರುವ ಮಿರ್ಜಾನ ಕೋಟೆಯು ಆಕೆಯ ಹೆಸರಿನೊಡನೆ ಸೇರಿಕೊಂಡಿದೆ.

ತೀರ್ಥಯಾತ್ರೆಯು ಇನ್ನೂ ಹಿಂದಿನದು. ಗೋಕರ್ಣದ ಆತ್ಮಲಿಂಗದ ಕಥೆಯೊಡನೆ ಮುರುಡೇಶ್ವರ, ಗುಣವಂತೆ, ಧಾರೇಶ್ವರ ಮತ್ತು ಕಾರವಾರದ ಬಳಿಯ ಶೆಜ್ಜೇಶ್ವರಗಳು ಸೇರಿ ಪಂಚಕ್ಷೇತ್ರಗಳೆನಿಸಿವೆ. ಇವುಗಳಲ್ಲಿ ನಾಲ್ಕು ಈ ಮೂರು ತಾಲ್ಲೂಕುಗಳಲ್ಲಿಯೇ ಇವೆ. ಕಾಡಿನ ನಡುವಣ ಯಾಣವನ್ನು ತಲುಪುವುದು ಎಷ್ಟು ಕಷ್ಟವಾಗಿತ್ತೆಂಬುದನ್ನು ‘ರೊಕ್ಕ ಇದ್ದರೆ ಗೋಕರ್ಣ, ಸೊಕ್ಕು ಇದ್ದರೆ ಯಾಣ’ ಎಂಬ ಗಾದೆಯು ತಿಳಿಸುತ್ತದೆ. ಗೋಕರ್ಣದಲ್ಲಿ ದಾನಧರ್ಮಗಳಿಗೆ ಹಣ ಬೇಕು, ಯಾಣಕ್ಕೆ ಮೈಯಲ್ಲಿ ಕಸುವು ಬೇಕು ಎಂಬುದು ಇದರ ತಾತ್ಪರ್ಯ.

20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಗೋಕರ್ಣದ ತೀರಗಳಿಗೆ ವಿದೇಶಿ ಪ್ರವಾಸಿಗರು ಬರತೊಡಗಿದರು. 1998ರ ಜನವರಿ 26ರಂದು ಕೊಂಕಣ ರೈಲುಮಾರ್ಗವು ಪೂರ್ಣವಾಗಿ ಸಂಚಾರಕ್ಕೆ ತೆರೆದುಕೊಂಡ ಮೇಲೆ ಮುಂಬಯಿ, ಗೋವಾ ಹಾಗೂ ಮಂಗಳೂರುಗಳಿಂದ ಇಲ್ಲಿಗೆ ಬರುವುದು ಸುಲಭವಾಯಿತು. ಉದ್ಯಮಿ ಆರ್. ಎನ್. ಶೆಟ್ಟಿಯವರ ನೆರವಿನಿಂದ ಮುರುಡೇಶ್ವರದ ಕಂದುಕಗಿರಿಯ ಮೇಲೆ 123 ಅಡಿ ಎತ್ತರದ ಶಿವನ ವಿಗ್ರಹವೂ 20 ಅಂತಸ್ತುಗಳ ರಾಜಗೋಪುರವೂ ನಿರ್ಮಾಣವಾದವು. ಅದರಿಂದ ಅಲ್ಲಿಗೆ ಬರುವವರ ಸಂಖ್ಯೆ ಬಹಳವಾಗಿ ಹೆಚ್ಚಿತು. ದೇವರ ದರ್ಶನಕ್ಕೆ ಬಂದವರು ಸಮುದ್ರಕ್ಕೆ ಇಳಿಯುವುದು, ಅಲ್ಲಿಂದ ದೋಣಿ ಹತ್ತುವುದು, ನೇತ್ರಾಣಿಗೆ ಹೋಗುವುದು ಹೀಗೆ ಒಂದರ ಬೆನ್ನಿಗೊಂದು ಚಟುವಟಿಕೆ ಬೆಳೆಯಿತು.

ಋತುಮಾನ

ಪ್ರದೇಶದ ವಾರ್ಷಿಕ ಸರಾಸರಿ ಮಳೆಯ ಪ್ರಮಾಣವು 3,000 ಮಿ.ಮೀ.ಗಿಂತ ಹೆಚ್ಚು. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿಯೇ ಸುರಿಯುತ್ತದೆ. ಆ ಅವಧಿಯಲ್ಲಿ ಸಮುದ್ರವು ಪ್ರಕ್ಷುಬ್ಧವಾಗಿದ್ದು, ನೇತ್ರಾಣಿಯ ಮುಳುಗು ಹಾಗೂ ಕಡಲ ಜಲಕ್ರೀಡೆಗಳು ನಿಲ್ಲುತ್ತವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿರುತ್ತದೆ. ನುರಿತ ಮೀನುಗಾರರೇ ದೋಣಿಗಳನ್ನು ದಡಕ್ಕೆಳೆದು ಕುಳಿತಿರುವಾಗ ಹೊರಗಿನಿಂದ ಬಂದವರು ಅಲೆಗಿಳಿಯುವುದು ಅಪಾಯಕರವೆಂದು ಬೇರೆ ಹೇಳಬೇಕಾಗಿಲ್ಲ.

ಕಡಲ ಚಟುವಟಿಕೆಗಳಿಗೆ ಅಕ್ಟೋಬರ್‌ನಿಂದ ಮೇ ಮಧ್ಯದವರೆಗಿನ ಕಾಲ ಸೂಕ್ತ. ಇದರಲ್ಲಿಯೂ ನವೆಂಬರ್‌ನಿಂದ ಫೆಬ್ರವರಿಯವರೆಗೆ ನೀರು ಶಾಂತವಾಗಿರುತ್ತದೆ, ಬಿಸಿಲಿನ ಕಾವೂ ಕಡಮೆ. ಮಾರ್ಚ್ ನಂತರ ಕಡಲತಡಿಯ ಚಾರಣವು ಸೆಕೆಯಿಂದ ಆಯಾಸಕರವಾಗುತ್ತದೆ. ಮಳೆಗಾಲದ ಕೊನೆಯ ವಾರಗಳು ಜಲಪಾತ ಮತ್ತು ಕಾಡಿನ ವೀಕ್ಷಣೆಗೆ ಉತ್ತಮವಾದರೂ ಉಂಬಳಗಳ ಕಾಟ ಇದ್ದೇ ಇರುತ್ತದೆ.

ನೇತ್ರಾಣಿ ದ್ವೀಪ

ನೇತ್ರಾಣಿಯು ಭಟ್ಕಳ ತಾಲ್ಲೂಕಿಗೆ ಸೇರಿದ, ಮುರುಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ಬಂಡೆಗಲ್ಲಿನ ದ್ವೀಪ. ಮೇಲಿನಿಂದ ನೋಡಿದಾಗ ಇದು ಹೃದಯದ ಆಕಾರದಲ್ಲಿ ಕಾಣುತ್ತದೆ. ಪಾರಿವಾಳಗಳಿಂದಾಗಿ ಇದಕ್ಕೆ ಪಾರಿವಾಳ ದ್ವೀಪ ಎಂಬ ಹೆಸರೂ ಇದೆ. ಕಡಿದಾದ ಬಂಡೆಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳೂ ಗುಹೆಗಳಲ್ಲಿ ಬಾನಾಡಿ ಹಕ್ಕಿಗಳೂ ಗೂಡು ಕಟ್ಟುತ್ತವೆ. ಕರಾವಳಿಯ ಮೀನುಗಾರರು ದ್ವೀಪಕ್ಕೆ ಹೋಗಿ ಪೂಜೆ ಸಲ್ಲಿಸಿ ಆಡುಗಳನ್ನು ಹರಕೆಯಾಗಿ ಬಿಡುವ ಪದ್ಧತಿ ಇದ್ದುದರಿಂದ ಅಲ್ಲಿ ಕಾಡಾಡುಗಳು ಬೆಳೆದಿವೆ. ಮುಳುಗಲು ಹೋಗುವ ಪ್ರವಾಸಿಗರನ್ನು ಸಾಮಾನ್ಯವಾಗಿ ದ್ವೀಪದ ಮೇಲೆ ಇಳಿಸುವುದಿಲ್ಲ. ದೋಣಿಯು ದ್ವೀಪದ ಬಳಿ ಲಂಗರು ಹಾಕುತ್ತದೆ.

ಕರ್ನಾಟಕದ ತೀರದುದ್ದಕ್ಕೂ ನದಿಗಳು ತರುವ ಹೂಳಿನಿಂದ ಸಮುದ್ರದ ನೀರು ಮಸುಕಾಗಿರುತ್ತದೆ. ನೇತ್ರಾಣಿಯು ತೀರದಿಂದ ದೂರವಿರುವುದರಿಂದ ಅಲ್ಲಿನ ನೀರು ತಿಳಿಯಾಗಿದ್ದು ಬೆಳಕು ಆಳಕ್ಕೆ ಇಳಿಯುತ್ತದೆ. ಬಂಡೆಗಳ ಮೇಲೆ ಹವಳ ಬೆಳೆಯಲು ಇದರಿಂದ ಅನುಕೂಲವಾಗಿದೆ. ಹವಳದ ಆಶ್ರಯದಲ್ಲಿ ಚಿಟ್ಟೆಮೀನು, ಗಿಳಿಮೀನು, ಹಾವುಮೀನು, ಕಲ್ಲುಮೀನು ಮೊದಲಾದವು ವಾಸಿಸುತ್ತವೆ. ಕಡಲಾಮೆಗಳೂ ಕಪ್ಪುತುದಿಯ ಸಣ್ಣ ಶಾರ್ಕ್‌ಗಳೂ ಕಾಣಸಿಗುವುದುಂಟು. ಕಲ್ಲುಮೀನಿನ ಮುಳ್ಳು ವಿಷಯುಕ್ತವಾಗಿದ್ದು, ಅದು ಬಂಡೆಯಿಂದ ಬೇರೆಯಾಗಿ ಕಾಣುವುದಿಲ್ಲ. ಆದುದರಿಂದ ಮುಳುಗುವವರು ಯಾವುದನ್ನೂ ಮುಟ್ಟಬಾರದೆಂಬ ನಿಯಮವಿದೆ. ಇದರಿಂದ ಮನುಷ್ಯನಿಗೂ ಹವಳಕ್ಕೂ ರಕ್ಷಣೆ ದೊರೆಯುತ್ತದೆ.

ಮುಳುಗುವ ವಿಧಾನ

ನೇತ್ರಾಣಿಗೆ ಹೋಗುವವರಲ್ಲಿ ಬಹುಪಾಲು ಜನರು ಮೊದಲ ಬಾರಿಗೆ ಮುಳುಗುವವರು, ಹಲವರಿಗೆ ಈಜು ಸಹ ಬಾರದು. ಇಂತಹವರಿಗೆ ತರಬೇತುದಾರನು ಜೊತೆಯಲ್ಲಿಯೇ ಇದ್ದು ಮುಳುಗಿಸುವ ಪರಿಚಯಾತ್ಮಕ ಮುಳುಗಿನ ವ್ಯವಸ್ಥೆ ಇದೆ. ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಯಾದ ಪಾಡಿಯ ನಿಯಮದಂತೆ ಇದರ ಗರಿಷ್ಠ ಆಳ 12 ಮೀಟರ್ ಹಾಗೂ ಕನಿಷ್ಠ ವಯಸ್ಸು 10 ವರ್ಷ. ಹೆಚ್ಚು ಆಳಕ್ಕೆ ಇಳಿಯಬೇಕಾದವರು ಕೆಲವು ದಿನಗಳ ತರಬೇತಿ ಪಡೆದು ಪ್ರಮಾಣಪತ್ರ ಗಳಿಸಬೇಕು. ಮೊದಲ ಹಂತದ ಪ್ರಮಾಣಪತ್ರವಿದ್ದವರು 18 ಮೀಟರ್‌ವರೆಗೆ ಇಳಿಯಬಹುದು.

ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಮೇಲ್ಮೈಯಲ್ಲಿ ಒಂದು ವಾಯುಭಾರವಿದ್ದರೆ 10 ಮೀಟರ್ ಆಳದಲ್ಲಿ ಎರಡು ವಾಯುಭಾರವಿರುತ್ತದೆ. ಇಳಿಯುವಾಗ ಕಿವಿಯಲ್ಲಿ ನೋವಾಗುವುದು ಇದರಿಂದಲೇ. ಮೂಗನ್ನು ಹಿಡಿದು ಮೆಲ್ಲನೆ ಗಾಳಿಯನ್ನು ಒತ್ತುವುದರಿಂದ ಕಿವಿಯ ಒಳ ಹೊರಗಿನ ಒತ್ತಡಗಳು ಸಮವಾಗುತ್ತವೆ. ನೋವಿದ್ದರೂ ಕೆಳಗೆ ಇಳಿದರೆ ಕಿವಿತಮಟೆಗೆ ಹಾನಿಯಾಗಬಹುದು. ಮೇಲೇರುವಾಗ ಶ್ವಾಸಕೋಶದಲ್ಲಿರುವ ಗಾಳಿಯು ಹಿಗ್ಗುತ್ತದೆ. ಉಸಿರನ್ನು ಎಂದೂ ಹಿಡಿದಿಡಬಾರದು, ನಿಧಾನವಾಗಿ ಮೇಲೇರಬೇಕು ಎಂಬುದು ಈ ಕ್ರೀಡೆಯ ಮೊದಲ ಪಾಠ.

ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕವು ರಕ್ತದಲ್ಲಿ ಹೆಚ್ಚಾಗಿ ಕರಗುತ್ತದೆ. ಅದು ಹೊರಹೋಗಲು ಸಮಯ ಬೇಕು. ಒಂದು ಬಾರಿ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದವರು ಕನಿಷ್ಠ 18 ಗಂಟೆ ಕಾಲ ವಿಮಾನವೇರಬಾರದೆಂಬ ಸಲಹೆ ಇರುವುದು ಇದಕ್ಕಾಗಿಯೇ. ಎತ್ತರದ ಪ್ರದೇಶಗಳಿಗೆ ಪ್ರಯಾಣಿಸುವಾಗಲೂ ಇದನ್ನು ಗಮನದಲ್ಲಿಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆ ಮುಳುಗಿ ಮಧ್ಯಾಹ್ನವೇ ಘಟ್ಟ ಹತ್ತಿ ಹೊರಡುವುದಕ್ಕಿಂತ ಒಂದು ರಾತ್ರಿ ಕರಾವಳಿಯಲ್ಲಿ ಉಳಿಯುವುದು ಕ್ಷೇಮ. ಉಬ್ಬಸ, ಹೃದ್ರೋಗ, ಮೂರ್ಛೆರೋಗ, ಕಿವಿಯ ಶಸ್ತ್ರಚಿಕಿತ್ಸೆಗೆ ಒಳಗಾದವರು ಹಾಗೂ ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಮುಳುಗಬಾರದು. ಮುಳುಗುವ ಮೊದಲು ತುಂಬಿಸುವ ಆರೋಗ್ಯ ಪತ್ರದಲ್ಲಿ ನಿಜವನ್ನೇ ಬರೆಯುವುದು ಪ್ರವಾಸಿಯ ಹೊಣೆಯಾಗಿದೆ.

ಮುರುಡೇಶ್ವರದ ಜಲಕ್ರೀಡೆಗಳು

ಮುರುಡೇಶ್ವರದ ತೀರದಲ್ಲಿ ಪ್ಯಾರಾಸೇಲಿಂಗ್, ಜೆಟ್ ಸ್ಕೀ, ಬಾಳೆಹಣ್ಣಿನ ಆಕಾರದ ಗಾಳಿದೋಣಿಯ ಸವಾರಿ ಮುಂತಾದ ಕ್ರೀಡೆಗಳು ನಡೆಯುತ್ತವೆ. ಇವುಗಳಿಗೆ ವಿಶೇಷ ತರಬೇತಿ ಬೇಕಿಲ್ಲ. ಆದರೆ ಜೀವರಕ್ಷಕ ಕವಚವನ್ನು ಎಲ್ಲ ಪಟ್ಟಿಗಳನ್ನೂ ಬಿಗಿದು ತೊಡಬೇಕು. ಮಕ್ಕಳಿಗೆ ದೊಡ್ಡವರ ಅಳತೆಯ ಕವಚ ತೊಡಿಸಿದರೆ ನೀರಿಗೆ ಬಿದ್ದಾಗ ಅದು ತಲೆಯ ಮೇಲಿನಿಂದ ಕಳಚಿಹೋಗುತ್ತದೆ.

ಹೊನ್ನಾವರ ಮತ್ತು ಶರಾವತಿ ಅಳಿವೆ

ದೋಣಿವಿಹಾರ ಮತ್ತು ಕಾಂಡ್ಲಾ ವನ

ಹೊನ್ನಾವರದ ಬಳಿ ಶರಾವತಿಯು ವಿಶಾಲವಾಗಿ ಹರಡಿಕೊಳ್ಳುತ್ತದೆ. ಇಲ್ಲಿ ನದಿಯನ್ನು ದಾಟುವ ಕೊಂಕಣ ರೈಲ್ವೆಯ ಸೇತುವೆಯು ಎರಡು ಕಿಲೋಮೀಟರಿಗೂ ಉದ್ದವಾಗಿದ್ದು, ಆ ಮಾರ್ಗದಲ್ಲಿಯೇ ಅತಿ ಉದ್ದವಾದುದು. ನಡುಗಡ್ಡೆಗಳ ನಡುವೆ ತೆಂಗಿನ ತೋಟಗಳ ಅಂಚಿನಲ್ಲಿ ಸಾಗುವ ಯಂತ್ರದೋಣಿಯ ವಿಹಾರವು ಜನಪ್ರಿಯವಾಗಿದೆ. ಶಾಂತವಾದ ಕವಲುಗಳಲ್ಲಿ ಪ್ರವಾಸಿಯೇ ಹುಟ್ಟುಹಾಕುವ ಕಯಾಕ್ ದೋಣಿಗಳೂ ದೊರೆಯುತ್ತವೆ.

ಉಪ್ಪುನೀರು ಮತ್ತು ಸಿಹಿನೀರು ಕೂಡುವಲ್ಲಿ ಬೆಳೆಯುವ ಸಸ್ಯಗಳನ್ನು ಈ ಭಾಗದಲ್ಲಿ ‘ಕಾಂಡ್ಲಾ’ ಎನ್ನುತ್ತಾರೆ. ಕಾಸರಕೋಡಿನ ಬಳಿ ಅರಣ್ಯ ಇಲಾಖೆಯು ಕಾಂಡ್ಲಾ ವನದ ನಡುವೆ ಮರದ ಹಲಗೆಗಳ ನಡೆದಾರಿಯನ್ನು ನಿರ್ಮಿಸಿದೆ. ಕೆಸರಿಗಿಳಿಯದೆ, ಬೇರುಗಳನ್ನು ತುಳಿಯದೆ ಈ ಸಸ್ಯಲೋಕವನ್ನು ಹತ್ತಿರದಿಂದ ನೋಡಲು ಇದು ಅವಕಾಶ ನೀಡುತ್ತದೆ. ಕೆಸರಿನಲ್ಲಿ ಗಾಳಿ ಇಲ್ಲದ ಕಾರಣ ಕೆಲವು ಪ್ರಭೇದಗಳ ಬೇರುಗಳು ನೆಲದಿಂದ ಮೇಲಕ್ಕೆ ಚೂಪಾಗಿ ಎದ್ದು ಉಸಿರಾಡುತ್ತವೆ. ಇನ್ನು ಕೆಲವು ಊರುಗೋಲಿನಂತಹ ಬೇರುಗಳನ್ನು ಇಳಿಬಿಡುತ್ತವೆ. ಈ ಬೇರುಗಳ ಸಂದುಗಳಲ್ಲಿ ಮೀನು, ಸೀಗಡಿ ಮತ್ತು ಏಡಿಗಳ ಮರಿಗಳು ಬೆಳೆಯುತ್ತವೆ. ಶಾಲಾ ಪ್ರವಾಸಗಳಿಗೆ ಇದು ಅತ್ಯಂತ ಸೂಕ್ತವಾದ ತಾಣ.

ಇಳಿತದ ವೇಳೆಯಲ್ಲಿ ಕವಲುಗಳ ನೀರು ಬತ್ತಿ ದೋಣಿ ಕೆಸರಿನಲ್ಲಿ ಕುಳಿತುಕೊಳ್ಳಬಹುದು. ಆದುದರಿಂದ ವಿಹಾರದ ಸಮಯವನ್ನು ಉಬ್ಬರ ಇಳಿತಗಳಿಗೆ ಹೊಂದಿಸಿಕೊಳ್ಳಬೇಕು. ಉಬ್ಬರವು ದಿನಕ್ಕೆ ಸಾಮಾನ್ಯವಾಗಿ ಎರಡು ಬಾರಿ ಬರುತ್ತದೆ ಮತ್ತು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ. ಇಂದು ಬೆಳಿಗ್ಗೆ ಎಂಟಕ್ಕೆ ತುಂಬಿದ್ದ ಕವಲು ವಾರದ ನಂತರ ಅದೇ ಹೊತ್ತಿಗೆ ತುಂಬಿರುವುದಿಲ್ಲ. ಶರಾವತಿಯಲ್ಲಿ ಇದರೊಡನೆ ಮೇಲಿನ ವಿದ್ಯುದಾಗಾರಗಳಿಂದ ಬರುವ ನೀರಿನ ಪ್ರಮಾಣವೂ ಸೇರುತ್ತದೆ. ಮಳೆಗಾಲದಲ್ಲಿ ಲಿಂಗನಮಕ್ಕಿ ಜಲಾಶಯದಿಂದ ನೀರು ಬಿಡುವ ಮುನ್ನ ನದಿಪಾತ್ರದ ಜನರಿಗೆ ಎಚ್ಚರಿಕೆ ನೀಡಲಾಗುತ್ತದೆ.

ಕಾಸರಕೋಡು ಮತ್ತು ಅಪ್ಸರಕೊಂಡ

ಹೊನ್ನಾವರ ತಾಲ್ಲೂಕಿನ ಕಾಸರಕೋಡು ಕಡಲತೀರಕ್ಕೆ 2020ರ ಅಕ್ಟೋಬರ್‌ನಲ್ಲಿ ‘ನೀಲಿ ಧ್ವಜ’ ಮಾನ್ಯತೆ ದೊರೆಯಿತು. ಆಗ ಈ ಮಾನ್ಯತೆ ಪಡೆದ ಭಾರತದ ಎಂಟು ತೀರಗಳಲ್ಲಿ ಕರ್ನಾಟಕದವು ಎರಡು. ಇನ್ನೊಂದು ಉಡುಪಿ ಜಿಲ್ಲೆಯ ಪಡುಬಿದ್ರಿ. ಡೆನ್ಮಾರ್ಕ್‌ನಲ್ಲಿ ಕೇಂದ್ರ ಕಚೇರಿಯುಳ್ಳ ಪರಿಸರ ಶಿಕ್ಷಣ ಪ್ರತಿಷ್ಠಾನವು ನೀರಿನ ಗುಣಮಟ್ಟ, ಪರಿಸರ ನಿರ್ವಹಣೆ, ಪರಿಸರ ಶಿಕ್ಷಣ, ಸುರಕ್ಷತೆ ಮತ್ತು ಸೇವೆಗಳನ್ನು ಪರಿಶೀಲಿಸಿ ಇದನ್ನು ನೀಡುತ್ತದೆ. ಹೆಸರಿನ ಹೋಲಿಕೆಯಿಂದ ಇದನ್ನು ಕೇರಳದ ಕಾಸರಗೋಡು ಎಂದು ತಪ್ಪಾಗಿ ತಿಳಿಯುವವರಿದ್ದಾರೆ.

ಹೊನ್ನಾವರದ ದಕ್ಷಿಣಕ್ಕಿರುವ ಅಪ್ಸರಕೊಂಡದಲ್ಲಿ ಚಿಕ್ಕ ಜಲಪಾತ, ಗುಹೆಗಳು ಹಾಗೂ ಗುಡ್ಡದ ಮೇಲಿನಿಂದ ಸಮುದ್ರದ ನೋಟವಿದೆ. ಇಲ್ಲಿನ ಕಡಲ ಭಾಗವನ್ನು ಅಪ್ಸರಕೊಂಡ–ಮುಗಳಿ ಸಾಗರ ವನ್ಯಜೀವಿಧಾಮವೆಂದು ಗುರುತಿಸಲಾಗಿದೆ. ಇದು ಕರ್ನಾಟಕದ ಮೊದಲ ಸಾಗರ ವನ್ಯಜೀವಿಧಾಮ. ಅಳಿವೆಯ ಹೊರಗೆ ಸಮುದ್ರದಲ್ಲಿರುವ ಬಸವರಾಜದುರ್ಗವು ಕೆಳದಿ ಅರಸರ ಕಾಲದ ಕೋಟೆಯುಳ್ಳ ದ್ವೀಪವಾಗಿದ್ದು, ದೋಣಿಯಲ್ಲಿ ಮಾತ್ರ ತಲುಪಬಹುದು. ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯಿದೆ. ಹಗಲಿನ ಚಟುವಟಿಕೆಗಳ ಬಳಿಕ ಇರುಳಿನಲ್ಲಿ ಯಕ್ಷಗಾನ ನೋಡುವ ಅವಕಾಶ ದೊರೆತರೆ ಪ್ರವಾಸಿಯು ಅದನ್ನು ಬಿಡಬಾರದು.

ಕುಮಟಾ–ಗೋಕರ್ಣ ಕಡಲತಡಿಯ ಚಾರಣ

ಕುಮಟಾದಿಂದ ಗೋಕರ್ಣದವರೆಗೆ ಕಡಲ ಅಂಚಿನಲ್ಲಿಯೇ ನಡೆಯುವ ಚಾರಣವು ಈಚಿನ ವರ್ಷಗಳಲ್ಲಿ ಪ್ರಸಿದ್ಧವಾಗಿದೆ. ಸಾಮಾನ್ಯವಾಗಿ ಇದನ್ನು ಎರಡು ದಿನಗಳಲ್ಲಿ ಮುಗಿಸುತ್ತಾರೆ. ಮೊದಲ ಭಾಗವು ಕುಮಟಾದ ವನ್ನಳ್ಳಿ, ಕಡ್ಲೆ, ಬಾಡ ಹಾಗೂ ಕಾಗಾಲ ತೀರಗಳನ್ನು ದಾಟಿ ಅಘನಾಶಿನಿ ಗ್ರಾಮವನ್ನು ತಲುಪುತ್ತದೆ. ಅಲ್ಲಿ ನದಿ ಅಡ್ಡ ಬರುತ್ತದೆ. ದೋಣಿಯಲ್ಲಿ ತದಡಿಗೆ ದಾಟಿ ಎರಡನೆಯ ಭಾಗವನ್ನು ಆರಂಭಿಸಬೇಕು. ಬೇಲೆಕಾನ, ಪ್ಯಾರಡೈಸ್ ತೀರ, ಅರ್ಧಚಂದ್ರ ತೀರ, ಓಂ ತೀರ, ಕುಡ್ಲೆ ತೀರಗಳ ಮೂಲಕ ದಾರಿ ಗೋಕರ್ಣದ ಮುಖ್ಯ ತೀರಕ್ಕೆ ಬಂದು ಮುಗಿಯುತ್ತದೆ.

ಮರಳಿನ ಮೇಲಿನ ನಡಿಗೆಯು ಸಮತಟ್ಟಾಗಿ ಕಂಡರೂ ಗಟ್ಟಿ ನೆಲದ ನಡಿಗೆಗಿಂತ ಹೆಚ್ಚು ಶ್ರಮದಾಯಕ. ಇಳಿತದ ವೇಳೆ ನೀರಿನ ಅಂಚಿನ ಒದ್ದೆ ಮರಳು ಗಟ್ಟಿಯಾಗಿದ್ದು ನಡೆಯಲು ಸುಲಭ. ತೀರದಿಂದ ತೀರಕ್ಕೆ ಹೋಗುವಾಗ ಬಂಡೆಗಳನ್ನು ಅಥವಾ ಗುಡ್ಡದ ಕಾಲುದಾರಿಯನ್ನು ಆರಿಸಿಕೊಳ್ಳಬೇಕಾಗುತ್ತದೆ. ಉಬ್ಬರವಿದ್ದಾಗ ಬಂಡೆಗಳ ದಾರಿಯನ್ನು ಬಿಡಬೇಕು. ಪಾಚಿ ಹಿಡಿದ ಬಂಡೆಯ ಮೇಲೆ ನಿಂತು ಛಾಯಾಚಿತ್ರ ತೆಗೆದುಕೊಳ್ಳುವಾಗ ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕುಡಿಯುವ ನೀರು ಎಲ್ಲ ತೀರಗಳಲ್ಲಿ ದೊರೆಯದು. ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮುನ್ನ ನೆರಳು ಸೇರುವುದು ಸ್ಥಳೀಯರ ಕ್ರಮ. ಪ್ರವಾಸಿಯೂ ಅದನ್ನೇ ಅನುಸರಿಸುವುದು ಲೇಸು.

ಮಿರ್ಜಾನ ಮತ್ತು ಯಾಣ

ಮಿರ್ಜಾನ ಕೋಟೆಯು ಕುಮಟಾದಿಂದ ಸುಮಾರು 11 ಕಿ.ಮೀ. ದೂರದಲ್ಲಿ ರಾಷ್ಟ್ರೀಯ ಹೆದ್ದಾರಿಯ ಸಮೀಪದಲ್ಲಿದೆ. ಜಂಬಿಟ್ಟಿಗೆ ಕಲ್ಲಿನ ಎತ್ತರದ ಗೋಡೆಗಳು, ಸುತ್ತಲಿನ ಕಂದಕ, ಬಾವಿಗಳು ಹಾಗೂ ಗುಪ್ತದ್ವಾರಗಳು ಇಲ್ಲಿ ಉಳಿದುಬಂದಿವೆ. ಮಳೆಗಾಲದಲ್ಲಿ ಗೋಡೆಗಳೆಲ್ಲ ಹಸಿರು ಹೊದ್ದು ನಿಲ್ಲುತ್ತವೆ. ಆಗ ಕಲ್ಲು ಜಾರುವುದರಿಂದ ಗೋಡೆಯ ಅಂಚಿನಲ್ಲಿ ನಡೆಯಬಾರದು.

ಯಾಣವು ಕುಮಟಾ ತಾಲ್ಲೂಕಿನ ಒಳನಾಡಿನಲ್ಲಿ, ದಟ್ಟ ಕಾಡಿನ ನಡುವೆ ಇದೆ. ಕಪ್ಪು ಸುಣ್ಣಶಿಲೆಯ ಎರಡು ಮಹಾಶಿಖರಗಳಲ್ಲಿ ಭೈರವೇಶ್ವರ ಶಿಖರವು ಸುಮಾರು 120 ಮೀಟರ್, ಮೋಹಿನಿ ಶಿಖರವು ಸುಮಾರು 90 ಮೀಟರ್ ಎತ್ತರವಾಗಿವೆ. ಮಳೆನೀರು ಸಾವಿರಾರು ವರ್ಷಗಳ ಕಾಲ ಸುಣ್ಣಶಿಲೆಯನ್ನು ಕರಗಿಸಿ ಈ ಚೂಪಾದ ರೂಪಗಳನ್ನೂ ಒಳಗಿನ ಗುಹೆಗಳನ್ನೂ ಮಾಡಿದೆ. ಭಸ್ಮಾಸುರನು ಮೋಹಿನಿಯ ಮಾಯೆಗೆ ಸಿಲುಕಿ ಸುಟ್ಟು ಬೂದಿಯಾದ ಸ್ಥಳವಿದೆಂಬುದು ಪುರಾಣದ ನಂಬಿಕೆ. ಶಿಖರದ ಬುಡದ ಗುಹೆಯಲ್ಲಿ ಭೈರವೇಶ್ವರನ ಸನ್ನಿಧಿಯಿದೆ, ಮಹಾಶಿವರಾತ್ರಿಯಂದು ಜಾತ್ರೆ ನಡೆಯುತ್ತದೆ. ‘ನಮ್ಮೂರ ಮಂದಾರ ಹೂವೇ’ ಚಲನಚಿತ್ರದ ಚಿತ್ರೀಕರಣದ ಬಳಿಕ ಯಾಣವು ನಾಡಿನಾದ್ಯಂತ ಹೆಸರಾಯಿತು. ಈಗ ವಾಹನವು ಶಿಖರಗಳ ಸಮೀಪದವರೆಗೂ ಹೋಗುವುದರಿಂದ ಗಾದೆಯಲ್ಲಿ ಹೇಳಿದ ‘ಸೊಕ್ಕು’ ಮೊದಲಿನಷ್ಟು ಬೇಕಾಗಿಲ್ಲ. ಗುಹೆಗಳ ಬಿರುಕುಗಳಲ್ಲಿ ಜೇನುಗೂಡುಗಳಿರುವುದರಿಂದ ಕೂಗಾಡುವುದು, ಹೊಗೆ ಎಬ್ಬಿಸುವುದು ಅಪಾಯಕರ.

ಅಘನಾಶಿನಿ ಅಳಿವೆ

ಅಘನಾಶಿನಿ ಅಳಿವೆಯನ್ನು 2024ರ ಜನವರಿಯಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಇದರ ವಿಸ್ತೀರ್ಣ ಸುಮಾರು 4,801 ಹೆಕ್ಟೇರ್. ಅದೇ ಸಮಯದಲ್ಲಿ ಕರ್ನಾಟಕದ ಅಂಕಸಮುದ್ರ ಮತ್ತು ಮಾಗಡಿ ಕೆರೆಗಳೂ ಪಟ್ಟಿಗೆ ಸೇರಿದವು. ಇಳಿತದ ವೇಳೆ ನೂರಾರು ಜನರು ಅಳಿವೆಯ ಕೆಸರಿಗಿಳಿದು ಬೆಳಚು ಎಂಬ ಚಿಪ್ಪುಜೀವಿಗಳನ್ನು ಆರಿಸುತ್ತಾರೆ. ಅವರಲ್ಲಿ ಮಹಿಳೆಯರ ಸಂಖ್ಯೆ ದೊಡ್ಡದು. ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ‘ಕಗ್ಗ’ ಭತ್ತವನ್ನು ಬೆಳೆಯಲಾಗುತ್ತದೆ. ಸಾಣಿಕಟ್ಟಾದ ಉಪ್ಪಿನಾಗರಗಳಲ್ಲಿ ಸಮುದ್ರದ ನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಹಳೆಯ ವಿಧಾನ ಇಂದಿಗೂ ನಡೆದಿದೆ. ಹಕ್ಕಿವೀಕ್ಷಣೆ, ದೋಣಿವಿಹಾರ ಮತ್ತು ಉಪ್ಪಿನಾಗರದ ಭೇಟಿಗಳನ್ನು ಸೇರಿಸಿ ಇಲ್ಲಿ ಒಂದು ದಿನದ ಪ್ರವಾಸವನ್ನು ಯೋಜಿಸಬಹುದು. ಉಪ್ಪಿನಾಗರ ಮತ್ತು ಗಜನಿಗಳು ದುಡಿಮೆಯ ಸ್ಥಳಗಳಾದುದರಿಂದ ಅಲ್ಲಿನವರ ಅನುಮತಿ ಪಡೆದು ಪ್ರವೇಶಿಸುವುದು ಮರ್ಯಾದೆ.

ಸುರಕ್ಷತೆ

2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಶೈಕ್ಷಣಿಕ ಪ್ರವಾಸದ ವೇಳೆ ಮುರುಡೇಶ್ವರದ ಸಮುದ್ರದಲ್ಲಿ ಮುಳುಗಿ ಮೃತಪಟ್ಟರು. ಇದರ ಬಳಿಕ ಕೆಲಕಾಲ ಆ ತೀರಕ್ಕೆ ಪ್ರವಾಸಿಗರ ಪ್ರವೇಶವನ್ನು ನಿಷೇಧಿಸಲಾಗಿತ್ತು. ಒಳನಾಡಿನಿಂದ ಬರುವ ಮಕ್ಕಳಲ್ಲಿ ಅನೇಕರು ಮೊದಲ ಬಾರಿಗೆ ಸಮುದ್ರವನ್ನು ನೋಡುವವರು. ಕೆರೆ, ಕಾಲುವೆಗಳ ಪರಿಚಯದಿಂದ ಸಮುದ್ರವನ್ನು ಅಳೆಯಲಾಗದು. ಈ ದುರಂತವು ಶಾಲಾ ಪ್ರವಾಸಗಳ ಸಿದ್ಧತೆಯ ಬಗೆಗೆ ರಾಜ್ಯದಾದ್ಯಂತ ಚರ್ಚೆಯನ್ನು ಹುಟ್ಟಿಸಿತು.

ತೀರದಲ್ಲಿ ಮುಳುಗುವವರ ಸಾವಿಗೆ ಮುಖ್ಯ ಕಾರಣ ನೀರಿನ ಸೆಳವು. ಅಲೆಗಳು ದಡಕ್ಕೆ ತಂದ ನೀರು ಕಿರಿದಾದ ದಾರಿಯಲ್ಲಿ ರಭಸವಾಗಿ ಸಮುದ್ರಕ್ಕೆ ಮರಳುತ್ತದೆ. ಇಂತಹ ಕಡೆ ಅಲೆಗಳು ಒಡೆಯದೆ ನೀರು ಶಾಂತವಾಗಿ ಕಾಣುವುದರಿಂದ ತಿಳಿಯದವರು ಅಲ್ಲಿಯೇ ಇಳಿಯುತ್ತಾರೆ. ಸೆಳವಿಗೆ ಸಿಕ್ಕವರು ನೇರವಾಗಿ ದಡದತ್ತ ಈಜಿದರೆ ಬೇಗ ದಣಿಯುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಹೊರಬಂದು ಆಮೇಲೆ ದಡ ಸೇರಬೇಕು. ಈಜು ಬಾರದವರು ತೇಲುತ್ತ ಕೈಯೆತ್ತಿ ಸಹಾಯ ಕೋರಬೇಕು. ಮುಳುಗುತ್ತಿರುವವನನ್ನು ಉಳಿಸಲು ತರಬೇತಿಯಿಲ್ಲದವರು ನೀರಿಗೆ ಹಾರುವುದರಿಂದ ಇಬ್ಬರೂ ಸಾಯುವ ಸಂಭವವಿದೆ. ಹಗ್ಗ, ಖಾಲಿ ಕ್ಯಾನ್ ಅಥವಾ ತೇಲುವ ವಸ್ತುವನ್ನು ಎಸೆಯುವುದು ಉತ್ತಮ.

ಶಾಲಾ ಪ್ರವಾಸಗಳಲ್ಲಿ ಪಾಲಿಸಬೇಕಾದ ಮುಖ್ಯ ಕ್ರಮಗಳು ಹೀಗಿವೆ:

• ಜೀವರಕ್ಷಕ ಸಿಬ್ಬಂದಿ ಇರುವ, ನಿಶಾನೆಗಳಿಂದ ಗುರುತಿಸಿದ ಭಾಗದಲ್ಲಿ ಮಾತ್ರ ಮಕ್ಕಳನ್ನು ನೀರಿಗೆ ಬಿಡುವುದು. ಕೆಂಪು ಬಾವುಟವಿದ್ದರೆ ಯಾರನ್ನೂ ಇಳಿಸದಿರುವುದು.
• ಮೊಣಕಾಲಿಗಿಂತ ಆಳಕ್ಕೆ ಹೋಗಲು ಬಿಡದಿರುವುದು.
• ಚಿಕ್ಕ ತಂಡಗಳನ್ನು ಮಾಡಿ ಪ್ರತಿ ತಂಡಕ್ಕೆ ಒಬ್ಬ ಶಿಕ್ಷಕರನ್ನು ನೇಮಿಸುವುದು. ಆ ಶಿಕ್ಷಕರು ನೀರಿಗಿಳಿಯದೆ ದಡದಲ್ಲಿ ನಿಂತು ಎಣಿಕೆ ಮಾಡುತ್ತಿರುವುದು.
• ಸಂಜೆ ಕತ್ತಲಾಗುವ ವೇಳೆಗೆ ತೀರಕ್ಕೆ ಬರುವಂತೆ ಪ್ರವಾಸದ ವೇಳಾಪಟ್ಟಿಯನ್ನು ಮಾಡದಿರುವುದು.
• ಬಸ್ಸಿನಿಂದ ಇಳಿಯುವ ಮೊದಲೇ ಸಮುದ್ರದ ಸ್ವಭಾವವನ್ನು ಮಕ್ಕಳಿಗೆ ವಿವರಿಸುವುದು.

ತುರ್ತು ಸಂದರ್ಭದಲ್ಲಿ 112, ಆಂಬುಲೆನ್ಸ್‌ಗೆ 108 ಹಾಗೂ ಸಮುದ್ರದಲ್ಲಿನ ಅಪಾಯಗಳಿಗೆ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆ ಮಾಡಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದ ರೋಗಿಗಳನ್ನು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಕರೆದೊಯ್ಯಬೇಕಾಗುತ್ತದೆ. ಜಿಲ್ಲೆಯಲ್ಲಿಯೇ ಸುಸಜ್ಜಿತ ಬಹುವಿಶೇಷ ಆಸ್ಪತ್ರೆ ಬೇಕೆಂಬುದು ಜನರ ಬಹುಕಾಲದ ಬೇಡಿಕೆಯಾಗಿದೆ. ಮಳೆಗಾಲದ ರಸ್ತೆಪ್ರಯಾಣದಲ್ಲಿಯೂ ಎಚ್ಚರ ಅಗತ್ಯ. 2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು.

ಪರಿಸರ ಮತ್ತು ಸ್ಥಳೀಯ ಜೀವನ

ಖಾರ್ವಿ, ಹರಿಕಂತ್ರ, ಅಂಬಿಗ, ಮೊಗೇರ ಮುಂತಾದ ಸಮುದಾಯಗಳವರು ತಲೆಮಾರುಗಳಿಂದ ಈ ಕಡಲು ಮತ್ತು ಅಳಿವೆಗಳನ್ನು ಆಶ್ರಯಿಸಿದ್ದಾರೆ. ದೋಣಿ ನಡೆಸುವುದು, ಊಟ ವಸತಿ ಒದಗಿಸುವುದು, ಜೀವರಕ್ಷಕರಾಗಿ ದುಡಿಯುವುದು ಮುಂತಾದ ಕೆಲಸಗಳು ಪ್ರವಾಸದಿಂದ ಹೊಸದಾಗಿ ದೊರೆತಿವೆ. ಗಾಳಿ, ಅಲೆ ಮತ್ತು ಆಳಗಳ ಬಗೆಗೆ ಈ ಜನರಿಗಿರುವ ಅರಿವು ಯಾವ ನಕಾಶೆಯಲ್ಲಿಯೂ ಸಿಗುವಂತಹುದಲ್ಲ. ಆದರೆ ಪ್ರವಾಸಿ ದೋಣಿಗಳು ಬಲೆ ಬಿಡುವ ಜಾಗಗಳಲ್ಲಿ ಓಡಾಡುವುದು, ತೀರದಲ್ಲಿ ಪ್ಲಾಸ್ಟಿಕ್ ಮತ್ತು ಮದ್ಯದ ಬಾಟಲಿಗಳು ಸೇರುವುದು, ತೀರದ ಜಮೀನಿನ ಬೆಲೆ ಏರುವುದು ಇವು ಸ್ಥಳೀಯರ ದೂರುಗಳಾಗಿವೆ.

ಕಡಲತಡಿಯ ಬಳಕೆಯ ಬಗೆಗೆ ಪ್ರವಾಸವಲ್ಲದೆ ಬೇರೆ ಯೋಜನೆಗಳೂ ವಿವಾದಕ್ಕೊಳಗಾಗಿವೆ. ತದಡಿಯಲ್ಲಿ ಉದ್ದೇಶಿಸಿದ್ದ ಬೃಹತ್ ಉಷ್ಣವಿದ್ಯುತ್ ಸ್ಥಾವರವು ಜನರ ವಿರೋಧವನ್ನು ಎದುರಿಸಿತು. ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆಯನ್ನು ಮೀನುಗಾರರು ವಿರೋಧಿಸುತ್ತ ಬಂದಿದ್ದಾರೆ. ಆ ತೀರದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ನೇತ್ರಾಣಿಯನ್ನು ನೌಕಾಪಡೆಯು ಗುರಿಯಭ್ಯಾಸಕ್ಕೆ ಬಳಸುತ್ತಿದ್ದುದಕ್ಕೂ ಪರಿಸರಪ್ರಿಯರಿಂದ ಆಕ್ಷೇಪ ಬಂದಿತ್ತು. ಹವಳದ ಮೇಲೆ ಲಂಗರು ಎಸೆಯದಿರುವುದು, ಆಮೆಗಳು ಮೊಟ್ಟೆಯಿಡುವ ಋತುವಿನಲ್ಲಿ ರಾತ್ರಿ ತೀರದಲ್ಲಿ ಪ್ರಖರ ದೀಪ ಹಚ್ಚದಿರುವುದು ಪ್ರವಾಸಿಗರು ಹಾಗೂ ಪ್ರವಾಸ ನಡೆಸುವವರು ಪಾಲಿಸಬೇಕಾದ ನಡವಳಿಕೆಗಳು.

ಇತರ ದೇಶಗಳಲ್ಲಿ

ಪೂರ್ವ ಏಷ್ಯಾದ ದೇಶಗಳಲ್ಲಿ ಇಂತಹ ಪ್ರವಾಸವು ವ್ಯವಸ್ಥಿತವಾಗಿ ಬೆಳೆದಿದೆ. ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲಿ 2007ರಲ್ಲಿ ಆರಂಭವಾದ ‘ಒಲ್ಲೆ’ ಕಾಲುದಾರಿಯು ದ್ವೀಪದ ಕರಾವಳಿಯನ್ನು ಬಳಸಿಕೊಂಡು 400 ಕಿ.ಮೀ.ಗೂ ಹೆಚ್ಚು ಉದ್ದವಾಗಿ ಹಳ್ಳಿಗಳ ನಡುವೆ ಸಾಗುತ್ತದೆ. ದಾರಿಯುದ್ದಕ್ಕೂ ಗುರುತುಪಟ್ಟಿಗಳಿದ್ದು, ನಡೆಯುವವರು ಹಳ್ಳಿಯ ಮನೆಗಳಲ್ಲಿಯೇ ತಂಗಬಹುದು. ಅದೇ ದ್ವೀಪದಲ್ಲಿ ಉಸಿರಿನ ಯಂತ್ರವಿಲ್ಲದೆ ಸಮುದ್ರದಾಳಕ್ಕೆ ಮುಳುಗಿ ಚಿಪ್ಪುಜೀವಿಗಳನ್ನು ಸಂಗ್ರಹಿಸುವ ‘ಹೆನ್ಯೊ’ ಮಹಿಳೆಯರ ಪರಂಪರೆಯನ್ನು 2016ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅಘನಾಶಿನಿಯಲ್ಲಿ ಬೆಳಚು ಆರಿಸುವ ಮಹಿಳೆಯರ ದುಡಿಮೆಯೂ ಕುಮಟಾ–ಗೋಕರ್ಣದ ಕಾಲುದಾರಿಯೂ ಇವುಗಳನ್ನು ನೆನಪಿಗೆ ತರುತ್ತವೆ. ಗುರುತುಫಲಕಗಳು, ನಿಗದಿತ ತಂಗುದಾಣಗಳು ಮತ್ತು ಉಬ್ಬರ ಇಳಿತಗಳ ವೇಳಾಪಟ್ಟಿಯ ಫಲಕಗಳನ್ನು ಅಳವಡಿಸಿದರೆ ಇಲ್ಲಿನ ದಾರಿಯೂ ಸುರಕ್ಷಿತವಾಗಬಲ್ಲದು.

ತಲುಪುವ ಮಾರ್ಗ

ಮಂಗಳೂರು ಮತ್ತು ಗೋವಾಗಳನ್ನು ಕೂಡಿಸುವ ರಾಷ್ಟ್ರೀಯ ಹೆದ್ದಾರಿ 66 ಮೂರೂ ತಾಲ್ಲೂಕು ಕೇಂದ್ರಗಳ ಮೂಲಕ ಹಾದುಹೋಗುತ್ತದೆ. ಕುಮಟಾದಿಂದ ಹೊನ್ನಾವರಕ್ಕೆ ಸುಮಾರು 20 ಕಿ.ಮೀ., ಹೊನ್ನಾವರದಿಂದ ಮುರುಡೇಶ್ವರಕ್ಕೆ ಸುಮಾರು 26 ಕಿ.ಮೀ., ಅಲ್ಲಿಂದ ಭಟ್ಕಳಕ್ಕೆ ಸುಮಾರು 15 ಕಿ.ಮೀ. ದೂರವಿದೆ. ಬೆಂಗಳೂರು, ಶಿವಮೊಗ್ಗಗಳ ಕಡೆಯಿಂದ ಬರುವವರು ಸಾಗರ, ಗೇರುಸೊಪ್ಪೆ ಘಟ್ಟದ ಮೂಲಕ ಹೊನ್ನಾವರಕ್ಕೂ, ಹುಬ್ಬಳ್ಳಿಯ ಕಡೆಯಿಂದ ಬರುವವರು ಶಿರಸಿ, ದೇವಿಮನೆ ಘಟ್ಟದ ಮೂಲಕ ಕುಮಟಾಕ್ಕೂ ಇಳಿಯಬಹುದು. ಕೊಂಕಣ ರೈಲುಮಾರ್ಗದಲ್ಲಿ ಗೋಕರ್ಣ ರೋಡ್, ಮಿರ್ಜಾನ, ಕುಮಟಾ, ಹೊನ್ನಾವರ, ಮುರುಡೇಶ್ವರ ಮತ್ತು ಭಟ್ಕಳ ನಿಲ್ದಾಣಗಳಿವೆ. ಸಮೀಪದ ವಿಮಾನ ನಿಲ್ದಾಣಗಳು ಗೋವಾ, ಹುಬ್ಬಳ್ಳಿ ಮತ್ತು ಮಂಗಳೂರುಗಳಲ್ಲಿವೆ.